ಸಾಠೆ ಸಾಹೇಬರ ಕಪಾಟಿನಲ್ಲಿ ನನ್ನ ಇಂಜಿನು

ಇವರೇ,

ಹೆಸರು ಹಿಡಿದು ಕರೆದವಳಲ್ಲ ನಾನು, ಈಗಲೂ ಬಾಯಿಗೆ ಬರುವುದು ಇದೇ. ನೀವು ಹೋದ ಮೇಲೂ ದಿನಾ ನಿಮ್ಮ ಹತ್ತಿರ ಮಾತಾಡುತ್ತಿದ್ದೆ. ಹಾಲು ಒಡೆದದ್ದು, ಸ್ಮಿತಾಳಿಗೆ ಜ್ವರ ಬಂದದ್ದು, ಎರಡು ದಿನದಿಂದ ನಳ್ಳಿಯಲ್ಲಿ ನೀರಿಲ್ಲದ್ದು, ಎಲ್ಲವನ್ನೂ ಒಲೆಯ ಮುಂದೆ ನಿಂತು ಮನಸ್ಸಿನಲ್ಲೇ ಹೇಳುತ್ತಿದ್ದೆ. ಹೋದ ತಿಂಗಳು ಆ ಮಾತು ನಿಂತಿತು. ಯಾಕೆ ನಿಂತಿತೆಂದು ನಿಮಗೆ ಗೊತ್ತಾಗಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ ಸಾಠೆ ಸಾಹೇಬರು ಬಂದಿದ್ದರು. ನಿಮ್ಮ ಫ್ಯಾಕ್ಟರಿಯಲ್ಲಿ ಮ್ಯಾನೇಜರಾಗಿದ್ದವರು, ಈಗ ರಿಟೈರಾಗಿ ಠಾಣೆಯ ಮಾಜಿವಾಡಾದಲ್ಲಿ ಮನೆ ಮಾಡಿದ್ದಾರೆ. ನಿಮ್ಮ ಸುದ್ದಿ ಅವರಿಗೆ ತಡವಾಗಿ ಗೊತ್ತಾಯಿತಂತೆ. ಚಹಾ ಕುಡಿದು, ಗೋಡೆಯ ಮೇಲಿನ ನಿಮ್ಮ ಫೋಟೋ ನೋಡುತ್ತಾ, ಅತ್ತಿಗೆಯನ್ನು ಕರೆದ ಹಾಗೆ ಆದರದಿಂದ, "ವಹಿನಿ, ಎಂಥಾ ಕೈ ಆ ಮನುಷ್ಯನದ್ದು! ಅವರು ಮಾಡಿದ ಇಂಜಿನು ಇನ್ನೂ ನಮ್ಮ ಕಪಾಟಿನಲ್ಲಿದೆ" ಅಂದರು. ಯಾವ ಇಂಜಿನು ಎಂದು ಕೇಳಿದೆ. "ಅದೇ, ಪ್ಲಾಸ್ಟಿಕ್ ಇಟ್ಟಿಗೆಯದ್ದು. ಪಕ್ಕದಲ್ಲಿ ಗೇರು ತಿರುಗುತ್ತದಲ್ಲ, ಕಾಡಿನಿಂದ ಮರ ಎಳೆಯುವ ಇಂಜಿನು. ನಮ್ಮ ಅಜಯನ ಮುಂಜಿಗೆ ತಂದುಕೊಟ್ಟಿದ್ದರು." ನನ್ನ ಕೈಯಲ್ಲಿ ಚಹಾದ ಟ್ರೇ ಇತ್ತು. ಅದನ್ನು ಕೆಳಗಿಡುವುದಕ್ಕೆ ಜಾಗ ಹುಡುಕಿದೆ. ಎದುರಿಗೇ ಟೇಬಲ್ಲಿತ್ತು, ಆದರೂ ಕಾಣಲಿಲ್ಲ.

ಹಡಗಿನಲ್ಲಿ ಕೆಲಸಕ್ಕಿದ್ದ ಭಾವ ರಜೆಗೆ ಬಂದ ಆ ವರ್ಷ ನೆನಪುಂಟಾ? ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ದೊಡ್ಡ ಪೆಟ್ಟಿಗೆಗಳನ್ನು ಹೊತ್ತು ತಂದಿದ್ದರು. ಒಂದಕ್ಕೊಂದು ಟಕ್ಕೆಂದು ಕೂರುವ ಇಟ್ಟಿಗೆಗಳು, ಹಲ್ಲಿನ ಚಕ್ರಗಳು, ಉದ್ದ ಕಡ್ಡಿಗಳು, ಬ್ಯಾಟರಿಯ ಮೋಟಾರು, ಒಂದಿಷ್ಟು ಹಳಿ. "ಮಕ್ಕಳಾದ ಮೇಲೆ ಆಡಲಿ" ಎಂದು ನೀವು ಎಲ್ಲವನ್ನೂ ಕಪಾಟಿನ ಮೇಲಿಟ್ಟಿರಿ. ಮಕ್ಕಳಾಗುವ ಲಕ್ಷಣ ಇರಲಿಲ್ಲ. ನೀವು ಬೆಳಗ್ಗೆ ಲೋಕಲ್ ಹಿಡಿದು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನನಗೆ ಆಗ ಮರಾಠಿ ಬಾರದು, ಪಕ್ಕದ ಮನೆಯವರಿಗೆ ಕನ್ನಡ ಬಾರದು. ಒಂದು ಮಧ್ಯಾಹ್ನ ಸ್ಟೂಲು ಹತ್ತಿ ಆ ಪೆಟ್ಟಿಗೆಗಳನ್ನು ಇಳಿಸಿದೆ.

ಕುಂದಾಪುರದ ಮರದ ಮಿಲ್ಲಿನಲ್ಲಿ ಅಪ್ಪನಿಗೆ ಊಟ ಕೊಟ್ಟು ಬರುತ್ತಿದ್ದ ದಿನಗಳ ಬಗ್ಗೆ ನಿಮಗೆ ಎಷ್ಟು ಸಲ ಹೇಳಿಲ್ಲ? ಅಪ್ಪ ಗರಗಸದ ಯಂತ್ರ ನೋಡಿಕೊಳ್ಳುತ್ತಿದ್ದ. ಯಂತ್ರದ ಜೊತೆ ಬಂದ ಫಾರಿನ್ ಪುಸ್ತಕದಲ್ಲಿ ಒಂದು ಚಿತ್ರ. ಗುಡ್ಡದ ಕಾಡಿನಲ್ಲಿ ಒಂದು ಸೊಟ್ಟ ಇಂಜಿನು, ಅದರ ಹಿಂದೆ ಆನೆಗಾತ್ರದ ದಿಮ್ಮಿಗಳು. ಬಾಯ್ಲರು ನಡುವೆ ಇಲ್ಲ, ಎಡಕ್ಕೆ ಸರಿದಿದೆ. ಬಲಗಡೆ ಮೂರು ಸಿಲಿಂಡರು ನೆಟ್ಟಗೆ ನಿಂತಿವೆ. ಅವುಗಳ ಕೆಳಗಿನಿಂದ ಉದ್ದಕ್ಕೆ ಒಂದು ಕಬ್ಬಿಣದ ಸರಳು, ಅದು ತಿರುಗಿದರೆ ಗೇರುಗಳ ಮೂಲಕ ಎಲ್ಲ ಚಕ್ರಗಳೂ ತಿರುಗುತ್ತವೆ. "ಬೇರೆ ರೈಲು ಓಡ್ತದೆ, ಇದು ಹತ್ತುತ್ತದೆ ಮಗಾ" ಅನ್ನುತ್ತಿದ್ದ ಅಪ್ಪ. ಮಿಲ್ಲು ಮುಚ್ಚಿದಾಗ ಆ ಹಾಳೆಯನ್ನು ನನಗೆ ಕೊಟ್ಟ. ಮದುವೆಯ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಅದು ಡೊಂಬಿವಲಿಗೆ ಬಂತು.

ಮೊದಲ ಸಲ ಮೋಟಾರು ಜೋಡಿಸಿದಾಗ ಇಂಜಿನು ಹುಚ್ಚು ಹಿಡಿದಂತೆ ಓಡಿ ಗ್ಯಾಸ್ ಸಿಲಿಂಡರಿಗೆ ಗುದ್ದಿ ಒಡೆಯಿತು. ಓಡುವುದು ಬೇಡ, ಹತ್ತಬೇಕು. ಸಣ್ಣ ಚಕ್ರದಿಂದ ದೊಡ್ಡದಕ್ಕೆ, ಅಲ್ಲಿಂದ ಮತ್ತೆ ಸಣ್ಣದಕ್ಕೆ, ಮತ್ತೆ ದೊಡ್ಡದಕ್ಕೆ ಜೋಡಿಸುತ್ತಾ ವೇಗ ಇಳಿಸಿದೆ, ಬಲ ಬಂತು. ಆಮೇಲೆ ಹಳಿ ತಿರುಗುವಲ್ಲಿ ಇನ್ನೊಂದು ತೊಂದರೆ. ಚಕ್ರಗಳು ತಿರುವಿಗೆ ಹೊರಳಿದ ಕೂಡಲೇ ಪಕ್ಕದ ಸರಳು ಕಿತ್ತುಬರುತ್ತಿತ್ತು. ಮಳೆಗಾಲ ಪೂರ್ತಿ ಅದರಲ್ಲೇ ಹೋಯಿತು. ಕೊನೆಗೆ ಸರಳನ್ನು ಎರಡು ತುಂಡು ಮಾಡಿ, ನಡುವೆ ಒಂದು ಕೊಳವೆ ಹಾಕಿ, ಬಾಗುವ ಜಾಗಕ್ಕೆ ಸೈಕಲ್ಲಿನ ವಾಲ್ವ್ ಟ್ಯೂಬು ಸಿಕ್ಕಿಸಿದೆ. ನೀವು ಊಟಕ್ಕೆ ಕೂತಾಗ ಹೇಳಿದೆ, "ಪಾಯಜಾಮದ ಲಾಡಿ ಹಾಗೆ ಮಾರಾಯ್ರೆ. ಒಳಗೊಳಗೇ ಆಚೆ ಈಚೆ ಜಾರಬೇಕು, ಆದರೆ ಹೊರಗೆ ಬರಬಾರದು." ನೀವು ಪೇಪರಿನ ಹಿಂದಿನಿಂದ "ಹ್ಞೂಂ" ಅಂದಿರಿ. "ಸ್ವಲ್ಪ ಸಾರು ಹಾಕು" ಅಂದಿರಿ.

ಇಂಜಿನು ಮೊದಲ ಸಲ ಹತ್ತಿದ್ದು ನಮ್ಮ ಚಪಾತಿ ಮಣೆಯ ಮೇಲಿಟ್ಟ ಹಳಿಯನ್ನು. ಹಿಂದೆ ದಿಮ್ಮಿಗಳ ಬದಲು ನುಗ್ಗೆಕಾಯಿ ತುಂಡುಗಳು. ಗುರ್ರೆನ್ನುತ್ತಾ, ಬಸುರಿ ಮೆಟ್ಟಿಲು ಹತ್ತಿದ ಹಾಗೆ ಹತ್ತಿತು. ಮೂರು ಸಿಲಿಂಡರುಗಳೂ ಒಂದಾದ ಮೇಲೊಂದು ಮೇಲೆ ಕೆಳಗೆ ಆಡುತ್ತಿದ್ದವು. ನಾನು ನೆಲದಲ್ಲಿ ಕೂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಆ ವರ್ಷ ಬಿಲ್ಡಿಂಗಿನ ಗಣಪತಿಯ ಮುಂದೆ ಅದನ್ನು ಇಟ್ಟರು. ಸಾಠೆ ಸಾಹೇಬರು ಸಂಸಾರ ಸಮೇತ ಆರತಿಗೆ ಬಂದಿದ್ದರು, ಅವರ ಮಗ ಅದರ ಮುಂದಿನಿಂದ ಏಳಲಿಲ್ಲ. "ಯಾರು ಮಾಡಿದ್ದು?" ಎಂದು ಸಾಹೇಬರು ಕೇಳಿದಾಗ ನೀವು "ನಮ್ಮ ಮನೆಯಲ್ಲೇ ಮಾಡಿದ್ದು ಸರ್" ಅಂದಿರಿ. ಆ 'ನಮ್ಮ' ನನಗೆ ಎಷ್ಟು ಹಿತವಾಗಿತ್ತು ಗೊತ್ತಾ? ನಾನು ಆರತಿಯ ತಟ್ಟೆ ಹಿಡಿದು ನಿಮ್ಮ ಹಿಂದೆಯೇ ನಿಂತಿದ್ದೆ.

ತಮ್ಮನ ಮದುವೆ ಮುಗಿಸಿ, ಕೂಸು ಸ್ಮಿತಾಳನ್ನು ಎತ್ತಿಕೊಂಡು ಊರಿನಿಂದ ಬಂದ ದಿನ ನೀವು ಬಾಗಿಲು ತೆರೆದ ರೀತಿ ಕಣ್ಣಿಗೆ ಕಟ್ಟಿದಂತಿದೆ. ಮುಖ ಬಾಡಿತ್ತು. ಕಪಾಟಿನ ಮೇಲೆ ಇಂಜಿನು ಇರಲಿಲ್ಲ. ಆಫೀಸಿನವರಿಗೆ ತೋರಿಸಲು ಒಯ್ಯುತ್ತಿದ್ದಿರಂತೆ. ಡೊಂಬಿವಲಿ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಕೈಜಾರಿ ಹಳಿಗೆ ಬಿತ್ತಂತೆ, ಮೇಲೆ ಗಾಡಿ ಬಂತಂತೆ. ಕರವಸ್ತ್ರ ಬಿಚ್ಚಿ ತೋರಿಸಿದಿರಿ. ಡ್ರೈವರ್ ನಿಲ್ಲುವ ಕೋಣೆಗೆ ಹೊದಿಸಿದ್ದ ಕೆಂಪು ಮಾಡು, ನಾಲ್ಕಾರು ಕಪ್ಪು ಇಟ್ಟಿಗೆ. "ಇಷ್ಟೇ ಸಿಕ್ಕಿದ್ದು" ಎಂದು ನಿಮ್ಮ ಕಣ್ಣು ತುಂಬಿತು.

ಆಗ ನಾನೇನು ಮಾಡಿದೆ? ನಿಮಗೆ ಸಮಾಧಾನ ಹೇಳಿದೆ! "ನೀವು ಬೀಳಲಿಲ್ಲವಲ್ಲ, ಅಷ್ಟು ಸಾಕು. ಆಟದ ಸಾಮಾನು ಹೋದರೆ ಹೋಗಲಿ" ಅಂದೆ. ನಿಮ್ಮ ಜೀವ ಉಳಿಯಿತೆಂದು ದೇವಿಗೆ ಹೂವಿನ ಪೂಜೆ ಹೇಳಿಕೊಂಡೆ. ನೀವೂ ಬಂದಿರಿ ದೇವಸ್ಥಾನಕ್ಕೆ. ಕೈಮುಗಿದು ನಿಂತಿರಿ ನನ್ನ ಪಕ್ಕದಲ್ಲಿ. ಏನು ಬೇಡಿಕೊಂಡಿರಿ ಆವತ್ತು? ನನಗೆ ಯಾವತ್ತೂ ಗೊತ್ತಾಗದಿರಲಿ ಎಂದಾ, ಅಥವಾ...

ವಾಶಿಯ ಕ್ವಾರ್ಟರ್ಸು ಸಿಕ್ಕಿದ ಸುದ್ದಿ ತಂದ ಸಂಜೆ ಪೇಡೆ ತಂದಿದ್ದಿರಿ. "ಸಾಹೇಬರಿಗೆ ನನ್ನ ಮೇಲೆ ಒಳ್ಳೆ ಅಭಿಪ್ರಾಯ" ಅಂದಿರಿ. ನಿಮಗಿಂತ ಹಳಬರು ಕಾಯುತ್ತಿದ್ದರು, ಆದರೂ ನಿಮಗೇ ಸಿಕ್ಕಿತು. ಹೊಸ ಮನೆಯ ದೊಡ್ಡ ಕಿಟಕಿ ನೋಡಿ ನಾನು ಕುಣಿದಾಡಿದೆ. ಇಷ್ಟು ವರ್ಷ ಆ ಕಿಟಕಿಯ ಪಕ್ಕ ಕೂತು ಅಕ್ಕಿ ಆರಿಸಿದೆ, ಸ್ಮಿತಾಳಿಗೆ ಜಡೆ ಹಾಕಿದೆ. ಯಾವುದರ ಬದಲಿಗೆ ಬಂದ ಕಿಟಕಿ ಅದು ಎಂದು ಒಂದು ಮಾತು ಹೇಳಬಹುದಿತ್ತಲ್ಲ?

ಸಾಹೇಬರು ಬಂದುಹೋದ ಮರುವಾರ ನಾನು ಮಾಜಿವಾಡಾಕ್ಕೆ ಹೋದೆ. ಸ್ಮಿತಾಳನ್ನು ಕರೆದುಕೊಂಡು, ಬಸ್ಸು ಬದಲಿಸಿ ಹೋದೆ. ಸಾಹೇಬರ ಹೆಂಡತಿ ಕೈಹಿಡಿದು ಒಳಗೆ ಕೂರಿಸಿದರು. ಗಾಜಿನ ಕಪಾಟಿನಲ್ಲಿ ಬೆಳ್ಳಿಯ ಗಣಪತಿಯ ಪಕ್ಕ ನನ್ನ ಇಂಜಿನು ನಿಂತಿತ್ತು. ಹತ್ತಿರ ಹೋಗಿ ನೋಡಿದೆ. ಮೈಯೆಲ್ಲ ಹಾಗೇ ಇದೆ, ಅಡಿಯ ನಾಲ್ಕಾರು ಕಪ್ಪು ಇಟ್ಟಿಗೆ ಮಾತ್ರ ಇಲ್ಲ, ಡ್ರೈವರ್ ಕೋಣೆಗೆ ರಟ್ಟಿನ ಮಾಡು, ಅದಕ್ಕೆ ಕೆಂಪು ಬಣ್ಣ. "ತರುವಾಗಲೇ ಮಾಡು ಇರಲಿಲ್ಲ, ದಾರಿಯಲ್ಲಿ ಬಿತ್ತಂತೆ. ಅಜಯ ಇದನ್ನು ಅಂಟಿಸಿದ" ಅಂದರು ಆಕೆ. ನನಗೆ ತೋರಿಸಲು ಏನಾದರೂ ಬೇಕಿತ್ತಲ್ಲ ನಿಮಗೆ. ಅದಕ್ಕೆ ಕೂತು, ಸಾವಧಾನವಾಗಿ, ಒಂದೊಂದೇ ಇಟ್ಟಿಗೆ ಬಿಡಿಸಿ ಕರವಸ್ತ್ರಕ್ಕೆ ಹಾಕಿದಿರಿ.

ಸಾಠೆ ಸಾಹೇಬರು ನಗುತ್ತಾ ಶುರು ಮಾಡಿದಾಗ ನನಗೆ ಇನ್ನೂ ತಡೆಯುವ ಶಕ್ತಿ ಇತ್ತು. "ಈ ತಿರುವಿನ ಸರಳು ಉಂಟಲ್ಲ ವಹಿನಿ, ಅದನ್ನು ಅವರು ಹೇಗೆ ವಿವರಿಸಿದರು ಗೊತ್ತಾ? ಪಾಯಜಾಮದ ಲಾಡಿಯ ಹಾಗಂತೆ! ಒಳಗೇ ಜಾರಬೇಕು, ಹೊರಗೆ ಬರಬಾರದು! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು." ವೇಗ ಇಳಿಸಿದರೆ ಬಲ ಬರುವುದನ್ನೂ ಹೇಳಿದ್ದಿರಿ. ಗ್ಯಾಸ್ ಸಿಲಿಂಡರಿಗೆ ಗುದ್ದಿದ್ದನ್ನೂ ಹೇಳಿದ್ದಿರಿ. ಆಮೇಲೆ ಸಾಹೇಬರು ಅಂದರು, "ಪಾಪ, ಅವರ ತಂದೆ ಮರದ ಮಿಲ್ಲಿನಲ್ಲಿದ್ದರಂತೆ. ಬೇರೆ ರೈಲು ಓಡುತ್ತದೆ, ಇದು ಹತ್ತುತ್ತದೆ ಎಂದು ಮಗನಿಗೆ ಹೇಳುತ್ತಿದ್ದರಂತೆ."

ಇವರೇ, ನಿಮ್ಮ ತಂದೆ ಶಾಲೆಯ ಮಾಸ್ತರರಾಗಿದ್ದವರು. ಮಿಲ್ಲಿನ ಮೆಟ್ಟಿಲು ತುಳಿದವರಲ್ಲ. ಇಂಜಿನು ಕೊಟ್ಟಿರಿ, ಹೋಗಲಿ. ಹೆಸರು ಕೊಟ್ಟಿರಿ, ಅದೂ ಹೋಗಲಿ. ನನ್ನ ಅಪ್ಪನನ್ನೂ ಕೊಟ್ಟುಬಿಟ್ಟಿರಾ?

ಪೇಪರಿನ ಹಿಂದಿನಿಂದ ನೀವು ಹ್ಞೂಂ ಅನ್ನುತ್ತಿದ್ದಾಗಲೆಲ್ಲ ಇವರಿಗೆ ಇದರಲ್ಲಿ ಆಸಕ್ತಿಯಿಲ್ಲ ಎಂದುಕೊಂಡಿದ್ದೆ. ಬೇಸರವೇನೂ ಮಾಡಿಕೊಂಡಿರಲಿಲ್ಲ, ದಣಿದು ಬಂದವರು ಎಂದು ಸುಮ್ಮನಾಗುತ್ತಿದ್ದೆ. ಆದರೆ ನೀವು ಕೇಳಿಸಿಕೊಳ್ಳುತ್ತಿದ್ದಿರಿ. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಿರಿ. ಹೆಂಡತಿಯ ಮಾತನ್ನು ಅಷ್ಟು ಚೆನ್ನಾಗಿ ಕೇಳಿದ ಗಂಡ ಯಾರಿದ್ದಾರೆ ಎಂದು ಒಮ್ಮೆ ಅಭಿಮಾನ ಉಕ್ಕುತ್ತದೆ, ಮರುಗಳಿಗೆಗೇ ಮೈ ಉರಿಯುತ್ತದೆ. ಕೇಳಿಸಿಕೊಂಡದ್ದನ್ನು ನನಗೇ ಒಂದು ಸಲ ತಿರುಗಿ ಹೇಳಿದ್ದರೆ ನಾನು ಇನ್ನೂ ಹತ್ತು ಇಂಜಿನು ಮಾಡುತ್ತಿದ್ದೆ. ಆ ಹುಡುಗನಿಗೆ ಕೊಡೋಣವಾ ಎಂದು ಕೇಳಿದ್ದರೆ ಕೊಡುತ್ತಿದ್ದೆ ಕೂಡ. ಅತ್ತಾದರೂ ಕೊಡುತ್ತಿದ್ದೆ.

"ಇದನ್ನು ಮಾಡಿದ್ದು ನಾನು" ಅಂದೆ ಸಾಹೇಬರಿಗೆ. ನನ್ನ ಹರಕು ಮರಾಠಿಯಲ್ಲೇ ಅಂದೆ. "ಮಿಲ್ಲಿನಲ್ಲಿದ್ದದ್ದು ನನ್ನ ಅಪ್ಪ. ಪಾಯಜಾಮದ ಮಾತೂ ನನ್ನದು." ಸಾಹೇಬರ ನಗು ಅರ್ಧಕ್ಕೇ ನಿಂತಿತು. "ಇಬ್ಬರೂ ಸೇರಿ ಮಾಡಿರಬಹುದು, ಗಂಡ ಹೆಂಡತಿ ಅಂದರೆ..." ಎಂದು ಮಾತು ಹುಡುಕಿದರು. "ಇಲ್ಲ, ನಾನೊಬ್ಬಳೇ" ಅಂದೆ. ಅವರ ಹೆಂಡತಿ ಎದ್ದು ಹೋಗಿ ಕಪಾಟಿನ ಬೀಗ ತೆಗೆದರು. ಇಂಜಿನನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮಡಿಲಲ್ಲಿಟ್ಟು, "ತೆಗೆದುಕೊಂಡು ಹೋಗಿ. ನಮಗೆ ಗೊತ್ತಿದ್ದರೆ ಇಟ್ಟುಕೊಳ್ಳುತ್ತಿರಲಿಲ್ಲ" ಅಂದರು. ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ನಿಮಗಾಗಿ ನಾಚಿಕೊಂಡರೋ ನನಗಾಗಿಯೋ, ನಾನು ಕೇಳಲು ಹೋಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಸ್ಮಿತಾ ಇಂಜಿನನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕಳವಾ ದಾಟಿದ ಮೇಲೆ, "ಅಮ್ಮಾ, ಪಪ್ಪಾನೇ ಝೂಟ್ ಬೋಲಾ ಥಾ?" ಎಂದು ಕೇಳಿದಳು. ಎಂಟು ವರ್ಷದ ಮಗು. ನಿಮ್ಮ ಅಂಗಿಯನ್ನು ಇನ್ನೂ ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಾಳೆ. ಏನಾದರೂ ಕಥೆ ಕಟ್ಟಿ ಹೇಳೋಣ ಎಂದು ಬಾಯಿಯವರೆಗೆ ಬಂತು. ಈ ಮನೆಯಲ್ಲಿ ಹಾಗೆ ಕಟ್ಟಿದ್ದು ಒಂದು ಸಾಕು ಅನ್ನಿಸಿತು. "ಹೌದು ಮಗಾ, ಸುಳ್ಳು ಹೇಳಿದ್ದರು" ಅಂದೆ. ಅವಳು ಇಂಜಿನಿನ ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಳು. ಆ ಅಂಗಿಯನ್ನು ಅವಳು ಬಿಟ್ಟಿಲ್ಲ, ಅದು ನಿಮಗೆ ತಿಳಿದಿರಲಿ.

ಈಗ ನಮ್ಮ ಸುದ್ದಿ ಕೇಳಿ. ಕ್ವಾರ್ಟರ್ಸು ಬಿಡಬೇಕು, ನೀವಿಲ್ಲದ ಮೇಲೆ ಅದು ನಮ್ಮದಲ್ಲ. ಕಂಪನಿಯವರು ನನಗೆ ಪ್ಯಾಕಿಂಗಿನಲ್ಲಿ ಕೆಲಸ ಕೊಟ್ಟಿದ್ದಾರೆ. ಡೊಂಬಿವಲಿಯಲ್ಲಿ ತಮ್ಮ ಒಂದು ಕೋಣೆ ನೋಡಿದ್ದಾನೆ, ಬರುವ ವಾರ ಹೋಗುತ್ತೇವೆ. ನಿಮ್ಮ ವರ್ಷಾಂತವನ್ನು ಏನೂ ಕಡಿಮೆಯಿಲ್ಲದೆ ಮಾಡುತ್ತೇನೆ, ಅದರ ಚಿಂತೆ ಬೇಡ. ನಿಮ್ಮ ಮೇಲಿನ ಸಿಟ್ಟು ಇಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಇಳಿದರೆ ಇಳಿಯಲಿ, ನಾನಂತೂ ಅದರ ಹಿಂದೆ ಬಿದ್ದಿಲ್ಲ.

ಇಂಜಿನನ್ನು ಮನೆಗೆ ತಂದ ದಿನವೇ ಪೂರ್ತಿ ಬಿಚ್ಚಿದೆ. ಮಂಚದಲ್ಲಿ ನೀವು ಮಲಗುತ್ತಿದ್ದ ಕಡೆ ಬೆಡ್‌ಶೀಟು ಹಾಸಿ, ಕೊನೆಯ ಇಟ್ಟಿಗೆಯವರೆಗೆ ಬಿಚ್ಚಿದೆ. ಎಷ್ಟೋ ಇಟ್ಟಿಗೆಗಳು ಕಚ್ಚಿಕೊಂಡಿದ್ದವು, ಹಲ್ಲಿನಲ್ಲಿ ಎಳೆದು ತೆಗೆದೆ. ಈಗ ಅವುಗಳಿಂದಲೇ ಇನ್ನೊಂದು ಕಟ್ಟುತ್ತಿದ್ದೇನೆ. ಇದೂ ಕಾಡಿನದ್ದೇ, ಗೇರಿನದ್ದೇ, ಆದರೆ ಬೇರೆ ಜಾತಿ. ಇದರ ಸಿಲಿಂಡರುಗಳು ಪಕ್ಕದಲ್ಲಿ ನಿಲ್ಲುವುದಿಲ್ಲ, ಹೊಟ್ಟೆಯ ಕೆಳಗೆ ಆಚೆ ಈಚೆಯಿಂದ ಓರೆಯಾಗಿ ಬಂದು ಕೂಡುತ್ತವೆ. ಸರಳು ನಟ್ಟನಡುವೆ ಹೋಗುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ತಿರುವಿನಲ್ಲಿ ಅದು ಕಿತ್ತುಬರುತ್ತಿತ್ತು. ನಿನ್ನೆ ಮಧ್ಯಾಹ್ನ ಒಂದು ಉಪಾಯ ಹೊಳೆಯಿತು, ಮಾಡಿ ನೋಡಿದೆ, ಸರಾಗವಾಗಿ ತಿರುಗಿತು.

ಏನು ಮಾಡಿದೆ ಎಂದು ಈ ಸಲ ನಿಮಗೆ ಹೇಳುವುದಿಲ್ಲ.

ನಿಮ್ಮ
ಸುಮತಿ