ಶೆರೀಫನ ಕೈನಡುಕ

ನವೆಂಬರ್ ೯, ಮಂಗಳವಾರ

ಸಂಪಾದಕ ಹೊಗಳಿದ್ದೇ ತಲೆ ಕೊರೆಯುತ್ತಿದೆ. ನಮ್ಮ ಕೌಬಾಯ್ ಕಾಮಿಕ್ಸಿನ ಶೆರೀಫ್, ಊರಿಗೆ ರೈಲು ಬಂದ ಮೇಲೆ ಯಾರಿಗೂ ಬೇಡವಾದ ಮುದುಕ, ಪಿಸ್ತೂಲು ಎತ್ತುವ ಚಿತ್ರ ನೋಡಿ, "ಗುರುಗಳೇ, ಗೆರೇಲೇ ಮುಪ್ಪು ತಂದ್ಬಿಟ್ರಲ್ಲ! ಕೈ ನಡುಗೋದು ಕಣ್ಣಿಗೆ ಕಟ್ಟೋ ಹಾಗಿದೆ" ಅಂದ. ನಾನು ಹಲ್ಲು ಕಿರಿದೆ. ಆ ನಡುಕ ಶೆರೀಫನದಲ್ಲ, ನನ್ನದು. ಬ್ರಷ್ಷು ಹಿಡಿದರೆ ಈಗೀಗ ಮಣಿಕಟ್ಟು ಮಾತು ಕೇಳುವುದಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ಹಾಗಾದ್ರೆ ಆ ಶೆರೀಫನ ಜೊತೆ ನೀವೂ ರಿಟೈರ್ ಆಗ್ಬಿಡಿ" ಎಂದು ನಕ್ಕಳು.

ಆಗಬಹುದಿತ್ತು. ಆದರೆ ನಾನು ಹೊರಡುವಾಗ ಸಂಪಾದಕ ಕೂಗಿ ಹೇಳಿದ್ದ: "ಮುಂದಿನ ಸಂಚಿಕೆ ಪೂರ್ತಿ ಫ್ಲ್ಯಾಶ್‌ಬ್ಯಾಕ್. ಅವನಿಗಿನ್ನೂ ಇಪ್ಪತ್ತು ವರ್ಷ, ಗುರಿ ತಪ್ಪೋ ಮಾತೇ ಇಲ್ಲ."

ಊಟವಾದ ಮೇಲೆ ಒಂದು ಚಿತ್ರ ಬಿಡಿಸಿ ನೋಡಿದೆ. ಇಪ್ಪತ್ತರ ಹುಡುಗನೂ ನಡುಗುತ್ತಿದ್ದಾನೆ.