ಅಪ್ಪ ಸೀಮೆಸುಣ್ಣದಲ್ಲಿ ಕಟ್ಟಿದ ಮನೆ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ ಮಾತ್ರ ಈ ದೇಶದಲ್ಲಿ ಒಂದು ಮನೆ ಕಟ್ಟಿ, ಅಕ್ಕಪಕ್ಕದವರ ಜೊತೆ ಜಗಳವನ್ನೂ ಆಡಿ ಬಂದರು. ಗಾಬರಿಯಾಗಬೇಡ, ಸೀಮೆಸುಣ್ಣದ ಮನೆ.

ಚಿತ್ರ ಬರೆಯುವ ಮೇಡಂ ಒಬ್ಬರು ಬೇರೆ ಬೇರೆ ದೇಶಗಳಿಂದ ಬಂದವರನ್ನು ದೊಡ್ಡ ಹಾಲಿಗೆ ಕರೆದು, ಬಿಟ್ಟು ಬಂದ ಮನೆಯನ್ನು ನೆಲದ ಮೇಲೆ ಬರೆಯಿರಿ ಅಂದರು. ಎಲ್ಲರೂ ಚಾಪೆಯಷ್ಟಗಲ ಬರೆದರು. ನಮ್ಮಪ್ಪ ಗಾರೆ ಕೆಲಸದವರಲ್ಲವೇ? ಗೂಟದ ಬದಲು ನನ್ನನ್ನೇ ಮೂಲೆಯಲ್ಲಿ ನಿಲ್ಲಿಸಿ, ಕೈಗೆ ದಾರ ಕೊಟ್ಟು, ಪಾಯಕ್ಕೆ ಗುರುತು ಹಾಕುವ ಹಾಗೆ ನಿಜವಾದ ಅಳತೆಯಲ್ಲೇ ಹೊರಗೋಡೆ ಎಳೆದರು. "ಮನೆ ಅಂದ್ಮೇಲೆ ಒಳಗೆ ಹೋಗೋಕೆ ಬರ್ಬೇಕು. ಇವರದೇನು, ಇರುವೆ ಗೂಡಾ?" ನಮ್ಮ ಪಡಸಾಲೆ, ಪಕ್ಕದಲ್ಲಿ ತನ್ನ ಮನೆ ಬರೆಯುತ್ತಿದ್ದ ಅಜ್ಜಿಯ ಅಡುಗೆಮನೆಗೆ ನುಗ್ಗಿತು. ಅಜ್ಜಿ ತನ್ನ ಭಾಷೆಯಲ್ಲಿ ಬೈದಳು, ಅಪ್ಪ ಕನ್ನಡದಲ್ಲಿ. ಇಬ್ಬರಿಗೂ ಎಲ್ಲ ಅರ್ಥವಾಯಿತು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದೆ, ದಾರ ಮಾತ್ರ ಬಿಡಲಿಲ್ಲ.

ಅಮ್ಮನಿಗೆ ಒಂದೇ ಚಿಂತೆ, ಅಪ್ಪ ನಿನ್ನ ಕೋಣೆ ಬರೆಯುತ್ತಾರೋ ಇಲ್ಲವೋ. ನಾನು ಬರಲ್ಲ ಅಂತ ನೀನು ಅಲ್ಲೇ ಉಳಿದಾಗಿನಿಂದ ಅಪ್ಪ ಯಾರು ಕೇಳಿದರೂ "ನನಗೊಬ್ಳೇ ಮಗಳು" ಅನ್ನುತ್ತಾರಲ್ಲ. ಅಡುಗೆಮನೆ ಆದ ಮೇಲೆ ನಿನ್ನ ಕೋಣೆ ಬರಬೇಕಿತ್ತು. ಅಪ್ಪ ನೇರ ಬಚ್ಚಲುಮನೆ ಎಳೆದರು. ಅಮ್ಮನ ಮುಖ ಸಪ್ಪಗಾಯಿತು.

ಆದರೆ ಮನೆ ಮುಗಿದರೂ ಹೊರಗೋಡೆಯ ಒಳಗೆ ಹಿಂದುಗಡೆ ಜಾಗ ಉಳಿಯಿತು! ಮತ್ತೆ ಅಳೆದರು. ದಾರ ಸರಿಯಿಲ್ಲ ಅಂದರು. "ನೆಟ್ಟಗೆ ನಿಲ್ಲೇ!" ಅಂತ ನನ್ನ ಮೇಲೆ ರೇಗಿದರು. ಕೊನೆಗೆ ಅಮ್ಮ, "ಒಂದು ಕೋಣೆ ನುಂಗಿದ್ರೆ ಜಾಗ ಉಳೀದೆ ಇನ್ನೇನ್ರೀ?" ಅಂದುಬಿಟ್ಟಳು. ಆ ಅಜ್ಜಿಯೂ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಮಗಳಿಲ್ಲ ಅನ್ನುವುದು ಅಪ್ಪನಿಗೆ ಸುಲಭ, ಅಳತೆ ತಪ್ಪಿತು ಅನ್ನಿಸಿಕೊಳ್ಳುವುದು ಹೇಗೆ? ಮಂಡಿಯೂರಿ, ಬಚ್ಚಲನ್ನು ಅಂಗೈಯಿಂದ ಒರೆಸಿ ಹಿಂದಕ್ಕೆ ಸರಿಸಿ, ಆ ಜಾಗದಲ್ಲಿ ನಿನ್ನ ಕೋಣೆ ಬರೆದರು.

ನೋಡಲು ಬಂದ ಜನ ಸಿಕ್ಕಲ್ಲೆಲ್ಲ ನಡೆದರು. "ಗೋಡೆ ಮೇಲೆ ಯಾಕ್ರೀ ನಡೀತೀರಾ, ಬಾಗಿಲು ಈ ಕಡೆ!" ಅಂತ ಅಪ್ಪ ಕೂಗಿದ ಮೇಲೆ ಪಾಪ, ಸಾಲಾಗಿ ಬಾಗಿಲಿನಿಂದಲೇ ಬಂದರು. ಒಬ್ಬರು ನಿನ್ನ ಕೋಣೆಗೆ ಕಾಲಿಡಲು ಹೋದಾಗ ಅಪ್ಪ ಎರಡೂ ಕೈ ಅಡ್ಡ ಚಾಚಿದರು. "ಇದು ನಮ್ಮ ದೊಡ್ಡವಳ ಕೋಣೆ. ಅವಳನ್ನ ಕೇಳ್ದೆ ಬಿಡಲ್ಲ."

ಇವತ್ತು ಅಪ್ಪ ನನ್ನ ಹತ್ತಿರ ನಿನ್ನ ಫೋನ್ ನಂಬರ್ ಕೇಳಿದರು. "ಕಿಟಕಿ ಯಾವ ಕಡೆಗಿತ್ತು ಅಂತ ಕೇಳೋಕೆ, ಅಷ್ಟೇ. ಬೇರೆ ಏನೂ ಮಾತಾಡಲ್ಲ."

ಅಕ್ಕಾ, ಫೋನ್ ಬಂದರೆ ತಟ್ಟನೆ ಹೇಳಿಬಿಡಬೇಡ. ನೆನಪಾಗ್ತಿಲ್ಲ ಅನ್ನು. ಫೋನ್ ಇಡದೆ ಸ್ವಲ್ಪ ಹೊತ್ತು ಯೋಚನೆ ಮಾಡು.

ನೀನು ಇರುವ ಕಡೆ ನಗುನಗುತ್ತಾ ಇರು.

ಮೂಲೆಯಲ್ಲಿ ದಾರ ಹಿಡಿದು ನಿಂತಿದ್ದ,
ನಿನ್ನ ತಂಗಿ