ಕಂಚಿನ ಬಾಗಿಲು, ಕೊನೆಯ ಭಾಗ

೨ ಮೇ ೧೯೮೪, ಬುಧವಾರ

ಇವತ್ತೂ ಅದೇ ಶೇಂಗಾ. ಸಾಹುಕಾರರ ಗೋದಾಮಿನಲ್ಲಿ ಬಿತ್ತುವ ಬೀಜದ ಕಾಯಿ ಸುಲಿದು ಸುಲಿದು ಹೆಬ್ಬೆರಳಿನ ಉಗುರು ಎದ್ದಿದೆ. ಪೆನ್ನು ಹಿಡಿದರೂ ಚುರುಚುರು. ಮಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ ಎಂದು ನಮ್ಮ ಬೆರಳು ಒಡೆಸುತ್ತಿದ್ದಾರೆ. ಮಳೆ ಬೀಳುವುದರೊಳಗೆ ಮುಗಿಯಬೇಕಂತೆ.

ಬರುವಾಗ ಬಸ್‌ಸ್ಟ್ಯಾಂಡಿನ ಗೋಡೆಗೆ ಸಿನಿಮಾದ ಪೋಸ್ಟರ್ — ‘ಕಂಚಿನ ಬಾಗಿಲು. ಐದನೆಯ ಮತ್ತು ಕೊನೆಯ ಭಾಗ.’ ಜೂನ್ ಒಂದರಿಂದ ಗಂಗಾವತಿಯಲ್ಲಿ. ಅಂಟು ಇನ್ನೂ ಹಸಿಯಾಗಿತ್ತು. ನಿಂತು ಓದಿದೆ. ಮುಂದೆ ಹೋಗಿ, ತಿರುಗಿ ಬಂದು ಮತ್ತೆ ಓದಿದೆ.

ಹನ್ನೆರಡು ವರ್ಷ! ಮೊದಲನೆಯ ಭಾಗಕ್ಕೆ ಅಪ್ಪ ಕರೆದುಕೊಂಡು ಹೋಗಿದ್ದ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಖುಷಿಗೆ. ಮೂರನೆಯದನ್ನು ಕುಷ್ಟಗಿಯಲ್ಲಿ ಗಂಡನ ಮನೆಯಿಂದ ಕದ್ದು ಹೋಗಿ ನೋಡಿದೆ. ನಾಲ್ಕನೆಯದು ಬರುವ ಹೊತ್ತಿಗೆ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ, ನಾನು ಕನಕಗಿರಿಗೆ ಅವ್ವನ ಮನೆಗೆ ವಾಪಸ್ ಬಂದಿದ್ದೆ. ಗಂಡ ಬಿಟ್ಟ, ತೆರೆಯ ಮೇಲಿನ ರಾಜಕುಮಾರ ವಿಜಯಕೇತು ಬಿಡಲಿಲ್ಲ.

ನೋಡಿದ ಭಾಗಗಳನ್ನೆಲ್ಲ ಗೋದಾಮಿನಲ್ಲಿ ಹೇಳುವವಳು ನಾನು. ಅಲ್ಲಿಯ ಹೆಂಗಸರು ಯಾರೂ ಟಾಕೀಸಿನ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ನಾನು ಹೇಳಿದ್ದೇ ಸಿನಿಮಾ. ಊರಲ್ಲಿ ನಾನು ಗಂಡ ಬಿಟ್ಟವಳು. ಗೋದಾಮಿನಲ್ಲಿ ಮಾತ್ರ, “ಹಂಪವ್ವ ಬಂದ್ಲು, ಬಾಯಿ ಮುಚ್ಚರ‍್ರಿ” ಅನ್ನುತ್ತಾರೆ. ನನಗಿರುವ ಮರ್ಯಾದೆ ಅದೊಂದೇ.

ಮುದುಕಿ ಮಾರೆವ್ವ ಇವತ್ತೂ ಕೇಳಿದಳು. “ಆ ಹುಡುಗಿ ರತ್ನಾಂಗಿ ಕಲ್ಲಾಗಿ ನಿಂತ ಬಿಟ್ಟಾಳಲ್ಲ ನಮ್ಮವ್ವ, ಆಕೀದು ಮುಂದೇನಾತು? ನಾ ಸಾಯೂದ್ರಾಗ ಹೇಳ್ತಿಯೋ ಇಲ್ಲೋ?”

ಅದೇ ಈಗ ಉಳಿದಿರುವುದು. ಐದನೆಯ ಬಾಗಿಲು ತೆರೆದರೆ ಕಲ್ಲಾದ ರತ್ನಾಂಗಿಗೆ ಜೀವ ಬರುತ್ತದೆ. ಆದರೆ ತೆರೆದವನು ಅವಳನ್ನು ಪೂರ್ತಿ ಮರೆಯುತ್ತಾನೆ. ಅವಳನ್ನು ಪ್ರೀತಿಸಿದ ವಿಜಯಕೇತು ತೆರೆಯುತ್ತಾನೋ ಇಲ್ಲವೋ…

೫ ಮೇ, ಶನಿವಾರ

ತಮ್ಮ ಪಂಪಣ್ಣನ ಹೆಂಡತಿ ಕಸ್ತೂರೆಮ್ಮ ಇವತ್ತಿನಿಂದ ಗೋದಾಮಿಗೆ ಬರುತ್ತಿದ್ದಾಳೆ. ಮನೆಯಲ್ಲಿ ನೋಡುವುದು ಸಾಲದು, ಇನ್ನು ಅಲ್ಲಿಯೂ ನೋಡಬೇಕು.

ಗಂಗಾವತಿಯ ಹುಡುಗಿ. ಬಂದು ನಾಲ್ಕು ತಿಂಗಳಾಗಿಲ್ಲ, ಅವ್ವನಿಗೆ ಅವಳ ಕೈಯ ಚಹಾನೇ ಬೇಕು. ಅವಳ ಸೋದರಮಾವ ಅಲ್ಲಿ ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವವ. ಸಣ್ಣಾಕಿ ಇದ್ದಾಗಿನಿಂದ ಬಿಟ್ಟಿ ಸಿನಿಮಾ. ಅದನ್ನು ಅವಳೇ ಹೇಳಲಿಲ್ಲ ನಿಜ, ನನ್ನ ಪಕ್ಕದಲ್ಲಿ ಸುಲಿಯುವ ಮೆಹಬೂಬಬೀ ಕೇಳಿ ಕೇಳಿ ಬಾಯಿ ಬಿಡಿಸಿದಳು. ಹೇಳಿದ ಮೇಲೆ ಎಲ್ಲರೂ ಅವಳ ಕಡೆಗೇ ತಿರುಗಿ ಕೂತರು.

ನಾನು ತಲೆ ಎತ್ತದೆ ಸುಲಿದೆ. ಎಂದೂ ಇಲ್ಲದಷ್ಟು ಕಾಳಾಯಿತು.

೧೪ ಮೇ, ಸೋಮವಾರ

ಹೊಟ್ಟೆ ಉರಿಯುತ್ತಿದೆ. ಇಲ್ಲಿ ಬರೆಯಲು ಯಾರ ಹೆದರಿಕೆ? ಉರಿಯುತ್ತಿದೆ.

ಕಸ್ತೂರಿಯ ತಂಗಿಗೆ ನಿಶ್ಚಯವಂತೆ. ತಿಂಗಳ ಕೊನೆಗೆ ತವರಿಗೆ ಹೋದವಳು ಸಿನಿಮಾ ನೋಡಿಕೊಂಡೇ ಬರುತ್ತಾಳೆ. ಮೊದಲನೆಯ ದಿನ, ಮೊದಲನೆಯ ಆಟ. ಮೆಹಬೂಬಬೀ ನನ್ನ ಮುಂದೆಯೇ ಅಂದಳು: “ಹಂಗಾದ್ರ ಈ ಸಲ ಕಸ್ತೂರೀನ ಹೇಳ್ತಾಳ ಬಿಡು. ಹಂಪವ್ವಗೂ ಸ್ವಲ್ಪ ಆರಾಮ.”

“ನನಗ ಕತಿ ಹೇಳಾಕ ಬರಂಗಿಲ್ರಿ, ಅಕ್ಕಾರ ಹೇಳಬೇಕು,” ಎಂದಳು ಕಸ್ತೂರಿ, ನಕ್ಕು. ಆ ನಗು ನನಗೆ ಆಗುವುದಿಲ್ಲ.

ನಾನೂ ಹೋಗುತ್ತೇನೆಂದು ಸಾಹುಕಾರರಿಗೆ ಕೇಳಿದೆ. “ಬೀಜ ಮುಗಿಸವ್ವ ಮೊದಲ.” ಮನೆಯಲ್ಲಿ ಅವ್ವ: “ಒಬ್ಬಾಕಿ ಸಿನಿಮಾಕ್ಕ ಹೊಂಟ್ರ ಮಂದಿ ಏನಂದಾರು?” ಇದೇ ಅವ್ವ ಸೊಸೆಗೆ, “ನಿಧಾನಕ ನೋಡ್ಕೊಂಡ ಬಾ ಮಗಳ” ಅಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಪಂಪಣ್ಣ ಮಾತ್ರ, “ಅಕ್ಕಾ, ಮುಂದ ಒಂದಿನ ನಾ ಕರಕೊಂಡ ಹೋಗ್ತೀನಿ” ಅಂದ. ಮುಂದೆ ಒಂದು ದಿನ! ಅಷ್ಟರಲ್ಲಿ ಇವಳು ಬಂದು ಎಲ್ಲ ಹೇಳಿ ಮುಗಿಸಿ, ಹೆಂಗಸರು ಕಣ್ಣೊರೆಸಿಕೊಂಡು ಆಗಿರುತ್ತದೆ. ಹನ್ನೆರಡು ವರ್ಷ ನಾನು ಕಾಯ್ದ ಕೊನೆ ಇವಳ ಪಾಲು.

೨೩ ಮೇ, ಬುಧವಾರ

ಹೋದಳು. ಹೊಸ ಸೀರೆ. ಅವ್ವ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಂದಳು. ನಾನು ಕುಷ್ಟಗಿಗೆ ಹೋಗುವಾಗ ಬಾಗಿಲ ತನಕ ಬಂದಿದ್ದಳು.

೨೬ ಮೇ, ಶನಿವಾರ

ಸಂತೆಯಲ್ಲಿ ಹೊಸಪೇಟೆಯ ಪುಸ್ತಕದವ ಬಂದಿದ್ದ. ಪಂಚಾಂಗ, ಲಾವಣಿಗಳ ನಡುವೆ — ಗುಲಾಬಿ ಬಣ್ಣದ ಪದ್ಯಾವಳಿ. ‘ಕಂಚಿನ ಬಾಗಿಲು, ಕೊನೆಯ ಭಾಗ. ಹಾಡುಗಳು ಮತ್ತು ಕಥಾಸಾರ.’ ತರಕಾರಿ ಬಿಟ್ಟು ಅದನ್ನು ಕೊಂಡೆ.

ಅರಳಿಕಟ್ಟೆಯ ಮೇಲೆ ಕೂತು ಅಲ್ಲೇ ಓದಿದೆ. ಎಲ್ಲ ಇದೆ. ಹಾವಿನ ನದಿ, ರೆಕ್ಕೆ ಸುಟ್ಟ ಕುದುರೆ, ಮಂತ್ರವಾದಿಯ ಸಾವು. ವಿಜಯಕೇತು ಐದನೆಯ ಬಾಗಿಲ ಮುಂದೆ ನಿಲ್ಲುತ್ತಾನೆ. ಆಮೇಲೆ? ‘ಬಾಗಿಲು ತೆರೆಯಿತೇ? ರತ್ನಾಂಗಿಯ ಗತಿ ಏನಾಯಿತು? ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರಿ.’

ಕಳ್ಳರು! ಪ್ರತಿ ಸಲ ಹೀಗೇ ಮಾಡುತ್ತಾರೆ. ಗೊತ್ತಿದ್ದೂ ಕೊಂಡ ನಾನೇ ಹುಚ್ಚಿ. ತರಕಾರಿ ಯಾಕಿಲ್ಲ ಎಂದು ಅವ್ವ ಬೈದಳು.

೩೦ ಮೇ, ಬುಧವಾರ. ಸಂಜೆ

ಮಾಡಬಾರದ್ದು ಮಾಡಿದೆ. ಮಾಡಿ ಖುಷಿಯಾಗಿದ್ದೇನೆ.

ಪುಸ್ತಕ ಗೋದಾಮಿಗೆ ಒಯ್ದಿದ್ದೆ. “ಕತಿ ಅಚ್ಚಾಗಿ ಬಂದೈತಿ, ಓದ್ತೀನಿ ಕೇಳ್ರಿ” ಎಂದೆ. ಎಲ್ಲರೂ ಹತ್ತಿರ ಬಂದರು. ಓದುತ್ತ ಹೋದೆ, ನನ್ನ ಉಪ್ಪು ಖಾರ ಸೇರಿಸಿ. ಬಾಗಿಲ ಮುಂದೆ ರಾಜಕುಮಾರ ನಿಂತ. ಆ ಸಾಲು ಬಂತು — ಬೆಳ್ಳಿತೆರೆಯ ಮೇಲೆ ನೋಡಿ. ತಲೆ ಎತ್ತಿದೆ. ಮಾರೆವ್ವನ ಬಾಯಿ ತೆರೆದೇ ಇತ್ತು.

ಇಲ್ಲಿ ನಿಲ್ಲಿಸಿದರೆ ಕೊನೆ ಕಸ್ತೂರಿಯದಾಗುತ್ತದೆ. ಹಾಳೆ ತಿರುಗಿಸಿದೆ. ಆ ಕಡೆ ಹಲ್ಲುಪುಡಿಯ ಜಾಹೀರಾತು. ಅದನ್ನೇ ನೋಡುತ್ತ ಓದಿದೆ.

ಬಾಗಿಲು ತೆರೆಯಿತು. ರತ್ನಾಂಗಿ ಕಣ್ಣು ಬಿಟ್ಟಳು. ವಿಜಯಕೇತು ಅವಳನ್ನು ನೋಡಿ, “ಯಾರವ್ವ ನೀನು?” ಎಂದ. ಅವಳು ಅಳಲಿಲ್ಲ. “ಹೂವಿನಾಕಿ” ಎಂದಳು. ದಿನಾ ಅರಮನೆಗೆ ಹೂ ಕೊಡಲು ಹೋದಳು. ಹೋದಾಗೆಲ್ಲ ಅವನಿಗೆ ಒಂದು ಕತೆ ಹೇಳಿದಳು — ಐದು ಬಾಗಿಲು ತೆರೆದ ಒಬ್ಬ ರಾಜಕುಮಾರನ ಕತೆ. ಅವನು ಊಟ ಬಿಟ್ಟು ಕೇಳುತ್ತಿದ್ದ. “ಆ ಹುಡುಗಿ ಪುಣ್ಯವಂತಿ, ಅಂಥ ಗಂಡ ಸಿಕ್ಕ” ಎನ್ನುತ್ತಿದ್ದ. ಅವಳು ಹೌದು ಅನ್ನುತ್ತಿದ್ದಳು. ಅಷ್ಟೇ.

ಎಲ್ಲಿಂದ ಬಂತೋ ಗೊತ್ತಿಲ್ಲ. ಮೆಹಬೂಬಬೀ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಮಾರೆವ್ವ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಹಲ್ಲುಪುಡಿಯ ಕಡೆಯೇ.

ಈಗ ಬರಲಿ ಕಸ್ತೂರಿ. ಹಳಸಿದ ಕತೆ ಹೇಳಲಿ.

೧ ಜೂನ್, ಶುಕ್ರವಾರ. ಮಧ್ಯಾಹ್ನ

ಹೊಟ್ಟೆನೋವು ಎಂದು ಗೋದಾಮಿನಿಂದ ಬೇಗ ಬಂದೆ. ಇಷ್ಟೊತ್ತಿಗೆ ಆಟ ಶುರುವಾಗಿರಬೇಕು. ಅವಳು ಫ್ಯಾನಿನ ಕೆಳಗೆ ಕೂತಿರುತ್ತಾಳೆ. ಮಾವ ಸೋಡಾ ಕೊಡಿಸಿರುತ್ತಾನೆ.

ಈಗ ಇಂಟರ್ವಲ್.

ಈಗ ಅವಳಿಗೆ ಗೊತ್ತಾಗಿರುತ್ತದೆ. ಬಂದು ಒಂದು ಮಾತು ಅಂದರೆ ಸಾಕು, ಆಮೇಲೆ ನಾನು ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಅಂದರೂ ಗೋದಾಮಿನಲ್ಲಿ ಯಾರೂ ನಂಬುವುದಿಲ್ಲ. ಬಸ್ಸು ಕೆಟ್ಟು ನಿಲ್ಲಲಿ. ಇನ್ನೊಂದು ತಿಂಗಳು ತವರಿನಲ್ಲೇ ಇರಲಿ.

೫ ಜೂನ್, ಮಂಗಳವಾರ

ನಿನ್ನೆ ಬಂದಳು. ಇವತ್ತು ಗೋದಾಮಿಗೂ ಬಂದಳು. ಕೂಡುವುದಕ್ಕೂ ಬಿಡದೆ ಮಾರೆವ್ವ ಶುರು ಮಾಡಿದಳು — “ನೋಡಿದೇನ ಕಸ್ತೂರಿ? ಹೂವಿನಾಕಿ ಆಗಿ ಕತಿ ಹೇಳ್ತಾಳಲ್ಲ ಆಕಿ, ಅದನ್ನ ನೋಡಿ ನೀ ಅತ್ತೇನ?” ಇಡೀ ಕೊನೆಯನ್ನು ಮುದುಕಿಯೇ ಹೇಳಿದಳು, ಒಂದಕ್ಷರ ಬಿಡದೆ. ನನ್ನ ಬೆರಳು ಕಾಯಿಯ ಮೇಲೆ ಹಾಗೇ ನಿಂತಿತ್ತು.

ಕಸ್ತೂರಿ ಒಮ್ಮೆ ನನ್ನ ಮುಖ ನೋಡಿದಳು.

“ಹೌದಬೇ. ಹಂಗ ಐತಿ,” ಎಂದಳು. “ಟಾಕೀಸಿನಾಗ ಮಂದಿ ಎಲ್ಲಾ ಅತ್ರು.”

ಅಂದರೆ — ನಾನು ಅಂದುಕೊಂಡದ್ದೇ ಸಿನಿಮಾದಲ್ಲಿ ಇದೆ! ಮದ್ರಾಸಿನಲ್ಲಿ ಕೂತು ಯಾರೋ ದೊಡ್ಡವರು ಬರೆದದ್ದು, ಕನಕಗಿರಿಯಲ್ಲಿ ಶೇಂಗಾ ಸುಲಿಯುವ ನನ್ನ ತಲೆಯಲ್ಲೂ ಬಂದಿದೆ. ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮನೆಗೆ ಬಂದು ನಾನೇ ರೊಟ್ಟಿ ಬಡಿದೆ. ಕಸ್ತೂರಿಗೆ ಬೆಣ್ಣೆ ಹೆಚ್ಚು ಹಾಕಿದೆ. ಪಾಪ, ಮೊದಲು ನೋಡಿಯೂ ಅವಳಿಗೆ ಏನು ಸಿಕ್ಕಿತು?

೧೭ ಜೂನ್, ಭಾನುವಾರ. ಸಂಜೆ

ಗಂಗಾವತಿಗೆ ಹೋಗಿ ಬಂದೆ. ಮೆಹಬೂಬಬೀ ಜೊತೆಗೆ ಬರುತ್ತೇನೆ ಅಂದದ್ದಕ್ಕೆ ಅವ್ವ ಒಪ್ಪಿದಳು. ಮೆಹಬೂಬಬೀಗೆ ಜೀವನದಲ್ಲಿ ಮೊದಲನೆಯ ಸಿನಿಮಾ. ನಾನು ಹೇಳಿದ ಕೊನೆಯನ್ನು ಕಣ್ಣಾರೆ ನೋಡಬೇಕೆಂದು ದುಡ್ಡು ಕೂಡಿಟ್ಟು ಬಂದಿದ್ದಳು.

ಬಾಗಿಲು ತೆರೆಯಿತು. ರತ್ನಾಂಗಿ ಎದ್ದಳು. ಅವನು ಮರೆತ. ಅಲ್ಲಿಯ ತನಕ ಸರಿ. ಆಮೇಲೆ ಆಕಾಶದಿಂದ ಒಬ್ಬ ಋಷಿ ಇಳಿದು ಕಮಂಡಲದ ನೀರು ಚಿಮುಕಿಸಿದ. ನೆನಪು ಬಂತು. ಆನೆ, ಓಲಗ, ಲಗ್ನ, ಹಾಸ್ಯದವ ಮಜ್ಜಿಗೆ ಹಂಡೆಯಲ್ಲಿ ಬಿದ್ದ. ಶುಭಂ. ಹನ್ನೆರಡು ವರ್ಷ ಕಾಯಿಸಿ ಮಜ್ಜಿಗೆ ಹಂಡೆ!

ನಾನು ಎದ್ದೇಳಲಿಲ್ಲ. ಮೆಹಬೂಬಬೀ ಎದ್ದಳು, ಸೀದಾ ಗೇಟಿಗೆ ಹೋದಳು.

“ಕಡೀ ರೀಲ್ ಯಾಕ ಕೊಯ್ದೀರಿ?” ಎಂದು ಟಿಕೆಟ್ ಹರಿಯುವವನ ಮೇಲೆ ಏರಿ ಹೋದಳು. “ಹೂವಿನಾಕಿ ಎಲ್ಲಿ? ಪುಸ್ತಕದಾಗ ಅಚ್ಚ ಹಾಕ್ಯಾರ, ನಮ್ಮ ಹಂಪವ್ವ ಓದ್ಯಾಳ! ಹಳ್ಳಿಯವರಂತ ಮೋಸ ಮಾಡ್ತೀರೇನು?”

“ರೀಲ್ ಇಷ್ಟ ಐತ್ರಿ ತಾಯಿ. ಮೊದಲನೇ ದಿನಾನೂ ಇದ ಇತ್ತು,” ಎಂದ ಅವನು. ನನ್ನನ್ನು ನೋಡಿದ. “ನೀವು ಕನಕಗಿರಿ ಹಂಪವ್ವ ಅಲ್ಲೇನ್ರಿ? ನಮ್ಮ ಕಸ್ತೂರಿ ನಾದಿನಿ? ಆಕೀನ ಕೇಳ್ರಿ ಬೇಕಾದ್ರ. ಕಡೀತನಕ ಕುಂತ ನೋಡ್ಯಾಳ.”

ಬಸ್ಸಿನಲ್ಲಿ ಮೆಹಬೂಬಬೀ ಉದ್ದಕ್ಕೂ ಟಾಕೀಸಿನವರನ್ನು ಶಪಿಸಿದಳು. ಕಸ್ತೂರಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಬೆಣ್ಣೆ ಹಚ್ಚಿದ ರೊಟ್ಟಿ ತಿಂದಳು.

೧೮ ಜೂನ್, ಸೋಮವಾರ

ಬೆಳಿಗ್ಗೆ ಕಸ್ತೂರಿಯನ್ನು ಒಲೆಯ ಮುಂದೆ ಹಿಡಿದೆ. ಅವ್ವ ನೀರಿಗೆ ಹೋಗಿದ್ದಳು.

“ಯಾಕ ಸುಳ್ಳ ಹೇಳ್ದಿ?”

ಅವಳು ಊದುಕೊಳವೆ ಕೆಳಗಿಟ್ಟಳು. “ಸಿನಿಮಾದಾಗ ಯಾರೂ ಅಳಲಿಲ್ರಿ ಅಕ್ಕಾರ. ಶುಭಂ ಬರೂದ್ರಾಗ ಮಂದಿ ಎದ್ದ ಹೊಂಟಿದ್ರು. ಇಲ್ಲಿ ಬಂದು ಮಾರೆವ್ವ ಹೇಳೂದು ಕೇಳಿದೆ… ನೋಡಿದ್ದನ್ನ ಹೇಳಬೇಕಂತ ಅನಸಲಿಲ್ಲ.”

“ನನ್ನ ಮ್ಯಾಲ ಕರುಣಾ ಮಾಡಿದೇನು?”

“ಇಲ್ರಿ. ನಿಮ್ಮ ಕತಿ ಛಲೋ ಇತ್ತು.”

ಅವಳು ಬೈದಿದ್ದರೆ ನಾನೂ ಬೈಯಬಹುದಿತ್ತು. ಗೋದಾಮಿನಲ್ಲಿ ನಾಲ್ಕು ಜನರ ಮುಂದೆ ಮಾನ ಕಳೆದಿದ್ದರೆ ಜನ್ಮಪೂರ್ತಿ ದ್ವೇಷಿಸಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ. ಗಂಡ ಅವಳಿಗೆ, ಅವ್ವ ಅವಳಿಗೆ, ಮೊದಲನೆಯ ಆಟ ಅವಳಿಗೆ. ಈಗ ಒಳ್ಳೆಯತನವೂ ಅವಳಿಗೇ. ಇಷ್ಟು ಒಳ್ಳೆಯವಳಾಗು ಎಂದು ಇವಳಿಗೆ ಹೇಳಿದವರು ಯಾರು?

೨೨ ಜೂನ್, ಶುಕ್ರವಾರ

ಮೆಹಬೂಬಬೀ ಹೇಳಿದ್ದನ್ನು ಗೋದಾಮು ಪೂರ್ತಿ ನಂಬಿದೆ. ಟಾಕೀಸಿನವರು ರೀಲ್ ಕೊಯ್ದಿದ್ದಾರೆ. ನಿಜವಾದ ಕೊನೆ ನನ್ನ ಹತ್ತಿರ ಇದೆ.

ಇವತ್ತು ಮಾರೆವ್ವ ಹೊಸದು ತೆಗೆದಳು. “ಅಲ್ಲ, ಮುಂದ ಎಂದರ ಆಂವಗ ಗುರುತ ಹತ್ತತೈತೋ ಇಲ್ಲೋ?” ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಹತ್ತಿರ ಏನೂ ಇರಲಿಲ್ಲ. ಒಳಗಿನ ವಿಷ ಮಾತ್ರ ಇತ್ತು. “ಕಸ್ತೂರಿ ಹೇಳ್ತಾಳ, ಕಡೀತನಕ ನೋಡಿದಾಕಿ,” ಎಂದೆ. ತೊದಲಲಿ, ನಾಲಿಗೆ ಒಣಗಲಿ, ಎಲ್ಲರೂ ನೋಡಲಿ ಎಂದೇ ಅಂದೆ.

ತೊದಲಿದಳು, ಮೊದಲು. ಕೈಯಲ್ಲಿದ್ದ ಕಾಯಿ ಸುಲಿದು ಬುಟ್ಟಿಗೆ ಹಾಕಿದಳು. ಆಮೇಲೆ —

“ಒಂದಿನ ಹೂವಿನಾಕಿ ಬರಲಿಲ್ಲ. ಮರುದಿನಾನೂ ಬರಲಿಲ್ಲ. ಹೂ ಕೊಡಾಕ ಬ್ಯಾರೆಯಾಕಿ ಬಂದ್ಲು. ಕತಿ ಹೇಳು ಅಂದ ರಾಜ. ನನಗ ಬರಂಗಿಲ್ರಿ ಅಂದ್ಲು. ರಾಜಗ ಅನ್ನ ಸೇರಲಿಲ್ಲ. ಕುದುರಿ ಹತ್ತಿ ಹುಡುಕ್ಕೋತ ಹೊಂಟ. ಆಕಿ ಸಲುವಾಗಿ ಅಲ್ಲ, ಕತಿ ಸಲುವಾಗಿ…”

ಯಾರ ಬೆರಳೂ ಆಡಲಿಲ್ಲ. ನನ್ನದೂ.

“ಊರಾಚೆ ಒಂದ ಗುಡಿಸಲಾ. ಬಾಗಲಾ ಹಾಕಿತ್ತು. ಒಳಗ ಆಕೀದ ದನಿ. ಅದ ಕತಿ, ಅದ ರಾಜಕುಮಾರ — ಯಾರಿಗೋ ಹೇಳಾಕ ಹತ್ತಿದ್ಲು. ಇಷ್ಟ ದಿನ ತನಗ ಹೇಳ್ತಿದ್ದ ಕತಿ, ಈಗ ಇನ್ನೊಬ್ರಿಗೆ! ರಾಜಗ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ಯಾಕಂತ ಅವಗ ತಿಳೀಲಿಲ್ಲ. ಬಾಗಲಾ ಬಡಿಯಾಕ ಕೈ ಎತ್ತಿದ…”

ಸಾಹುಕಾರರು ಬಂದು ಹೊತ್ತಾಯಿತು ಏಳ್ರಿ ಅಂದರು. ಹಾಳಾದ ಸಾಹುಕಾರ.

“ಒಳಗ ಯಾರದಾರ? ಯಾರಿಗೆ ಹೇಳಾಕ ಹತ್ಯಾಳ?” ಎಂದು ಮಾರೆವ್ವ ಕೂಗುತ್ತಲೇ ಇದ್ದಳು. ಕಸ್ತೂರಿ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು.

ನನ್ನ ಹೂವಿನಾಕಿ. ನಾನು ಹಲ್ಲುಪುಡಿಯ ಹಾಳೆಯಿಂದ ಎಬ್ಬಿಸಿದವಳು. ಅವಳು ಒಂದು ದಿನ ಹೋಗದೆ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಇವಳಿಗೆ ಹೊಳೆಯಿತು. ಕತೆ ಹೇಳಲು ಬರುವುದಿಲ್ಲವಂತೆ!

೨೩ ಜೂನ್, ಶನಿವಾರ. ಬೆಳಿಗ್ಗೆ

ಕೇಳುವುದಿಲ್ಲ. ಸತ್ತರೂ ಕಸ್ತೂರಿಯನ್ನು ಕೇಳುವುದಿಲ್ಲ. ಗೋದಾಮಿನಲ್ಲಿ ಎಲ್ಲರ ಜೊತೆಗೆ, ಏನೂ ಬೇಡದವಳ ಹಾಗೆ ಕೇಳಿಸಿಕೊಂಡರಾಯಿತು.

ಗುಡಿಸಲೊಳಗೆ ಕೂಸು ಇರಬಹುದೇ? ಅಥವಾ ಕುರುಡಿ ಮುದುಕಿ? ಇಲ್ಲ, ಅದು ನಾನು ಹೇಳುವಂಥದ್ದು. ಇವಳು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಅಥವಾ ಯಾರೂ ಇಲ್ಲವೇ — ಒಬ್ಬಳೇ ಕೂತು…

ಹಿತ್ತಲಲ್ಲಿ ಬಳೆಯ ಸದ್ದು. ಎದ್ದಿದ್ದಾಳೆ. ಅವ್ವ ಇನ್ನೂ ಎದ್ದಿಲ್ಲ.

ಇದೊಂದೇ ಕೇಳಿ ಬಂದುಬಿಡುತ್ತೇನೆ. ಒಳಗೆ ಯಾರು ಎಂದಷ್ಟೇ, ಮುಂದಿನದು ಬೇಡ. ಅವಳು ನಕ್ಕರೆ ನಗಲಿ. ಹೀಗೆ ಕೇಳಿದರಾಯಿತು — ಕಸ್ತೂರಿ, ಬಾಗಿಲು ತೆಗೆದಾಗ ಅವನು…